ಒಂದು ಗೇಣು ಬಿಟ್ಟು

ಬೇರೆ ನಕ್ಷತ್ರದವರು ನಮ್ಮ ನೆಲಕ್ಕೆ ಇಳಿಯುವ ಆ ಧಾರಾವಾಹಿ ಶುರುವಾದಾಗ ಅಕ್ಕನಿಗೆ ಅದರಲ್ಲಿ ಕೆಲಸವೇ ಇರಲಿಲ್ಲ. ಅದು ಎಲ್ಲಿ ನೋಡಿದರೂ ಹೊಸ ಸೇತುವೆ, ಹೊಸ ಕಾರ್ಖಾನೆ ಏಳುತ್ತಿದ್ದ ಕಾಲ. ಅದಕ್ಕೆ ತಕ್ಕಂತೆ ಆಕಾಶದವರೂ ಬಿಳಿ ನಿಲುವಂಗಿ ತೊಟ್ಟು, ಕೈಯಲ್ಲಿ ದೀಪ ಹಿಡಿದು, ಬೀಗರ ಮನೆಗೆ ಬಂದವರ ಹಾಗೆ ನಗುನಗುತ್ತಾ ಇಳಿಯುತ್ತಿದ್ದರು. ಹೊಡೆದಾಟ ಕಲಿಸುವ ಫೈಟ್ ಮಾಸ್ಟರಿಗೆ ಅಲ್ಲೇನು ಕೆಲಸ? ಆಮೇಲೆ ಅಂಗಡಿಗಳ ಮುಂದೆ ಸಾಲು ಉದ್ದವಾಯಿತು, ಧಾರಾವಾಹಿಯಲ್ಲಿ ಆಕಾಶದವರು ಕಾಳು ಕದಿಯಲು ಬರತೊಡಗಿದರು. ಈಗ ಬೀದಿಯಲ್ಲಿ ಸರ್ಕಾರದ ಹೊಸ ದಳ ಓಡಾಡುತ್ತಿದೆ, ಹಾಡಹಗಲೇ ಬಾಗಿಲು ಒಡೆದು ಜನರನ್ನು ಎಳೆದೊಯ್ಯುತ್ತಿದೆ. ಆಕಾಶದವರಿಗೂ ಬೂದು ಹೆಲ್ಮೆಟ್ಟು, ಉದ್ದ ದೊಣ್ಣೆ ಬಂದಿವೆ. ಅಕ್ಕನಿಗೆ ಈಗ ಉಸಿರಾಡಲೂ ಪುರುಸೊತ್ತಿಲ್ಲ.

ಕತೆ ಬರೆಯುವವನು ಅವಳ ಗಂಡ. ಇದೆಲ್ಲ ಎಲ್ಲಿಂದ ಹೊಳೆಯುತ್ತೆ ಸಾರ್ ಎಂದು ಯಾರಾದರೂ ಕೇಳಿದರೆ, "ನಾನೇನು ಆಕಾಶ ನೋಡ್ಕೊಂಡು ಬರೀತೀನಾ? ಕಿಟಕಿ ನೋಡ್ಕೊಂಡು ಬರೀತೀನಿ" ಎನ್ನುತ್ತಿದ್ದ. ಹೀಗೆ ಬಾಯಿಗೆ ಬಂದಿದ್ದು ಆಡಬೇಡಿ ಎಂದು ಅಕ್ಕ ತಲೆ ಚಚ್ಚಿಕೊಂಡರೂ ಅವನಿಗೆ ನಾಟುತ್ತಿರಲಿಲ್ಲ. ಚಾನೆಲ್ಲಿನವರಿಗೆ ದಳದಿಂದ ಫೋನು ಬಂದಿತ್ತು: ಹೆಲ್ಮೆಟ್ಟಿನ ಬಣ್ಣ ಬದಲಾಯಿಸಿ. ಬಟ್ಟೆಬರೆ ನೋಡಿಕೊಳ್ಳುವವನು ಆ ಹೆಲ್ಮೆಟ್ಟುಗಳನ್ನು ತಂದಿದ್ದೇ ದಳದವರು ಬಿಸಾಕಿದ ಗುಜರಿಯಿಂದ. ಬಣ್ಣ ಬಳಿಯೋಣ, ಬಳಿಯೋಣ ಎನ್ನುತ್ತಲೇ ಅವನು ದಿನ ತಳ್ಳುತ್ತಿದ್ದ.

ಸೆಟ್ಟಿನಲ್ಲಿ ಡೈರೆಕ್ಟರಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರಿಗೂ ಅವಳು ಅಕ್ಕ. ದೊಣ್ಣೆ ಮೈಗೆ ಒಂದು ಗೇಣು ಬಿಟ್ಟು ನಿಲ್ಲಬೇಕು, ಉಳಿದದ್ದನ್ನು ಬೀಳುವವನು ನೋಡಿಕೊಳ್ಳಬೇಕು ಎನ್ನುವುದು ಅವಳ ಪಾಠ. ಅಕಸ್ಮಾತ್ ನಿಜವಾಗಿ ಪೆಟ್ಟು ಬಿದ್ದರೆ ಅಂಗೈಯಿಂದ ನೆಲವನ್ನು ಎರಡು ಸಲ ತಟ್ಟಬೇಕು. ತಟ್ಟಿದ ಸದ್ದು ಕೇಳಿದರೆ ಎತ್ತಿದ ಕೈ ಎತ್ತಿದ ಹಾಗೇ ನಿಲ್ಲಬೇಕು, ಕ್ಯಾಮೆರಾ ಹಾಳಾಗಿ ಹೋಗಲಿ. ಇನ್ನು ಸತ್ತವರು ಅವಳು 'ಏಳಿ' ಅನ್ನುವವರೆಗೆ ಏಳುವಂತಿಲ್ಲ. ಕಟ್ ಆದಮೇಲೂ ಇಲ್ಲ. ಇಷ್ಟನ್ನು ಕಲಿಯಲು ಗಂಡನನ್ನೂ ಎಷ್ಟೋ ಸಲ ಕರೆದಿದ್ದಳು. "ನಾನು ಕಾಗದದ ಮೇಲೆ ಸಾಯಿಸೋನು ಕಣೆ. ಸಾಯೋದೆಲ್ಲ ನಿನ್ನ ಹುಡುಗರ ಕೆಲಸ" ಎಂದು ಅವನು ಜಾರಿಕೊಳ್ಳುತ್ತಿದ್ದ.

ಆ ಹುಡುಗರಲ್ಲಿ ಅರ್ಧಕ್ಕರ್ಧ ಜನ ಈಗ ದಳ ಸೇರಿದ್ದರು. ದೊಣ್ಣೆ ಹಿಡಿದು ಸಾಲಾಗಿ ನಡೆಯಲು ಬರುವವರನ್ನು ದಳದವರು ಕಣ್ಣುಮುಚ್ಚಿ ತೆಗೆದುಕೊಳ್ಳುತ್ತಿದ್ದರು. ಅಕ್ಕನ ಕೈತುತ್ತು ತಿಂದು ಬೆಳೆದ ಎಡಚನೂ ಹೋದ. ಎಡಗೈಯಲ್ಲಿ ದೊಣ್ಣೆ ಬೀಸುತ್ತಿದ್ದುದರಿಂದ ಅವನಿಗೆ ಆ ಹೆಸರು. ಹೇಳಿ ಹೋಗಲು ಬಾಗಿಲಿಗೆ ಬಂದವನನ್ನು ಅಕ್ಕ ಒಳಗೆ ಕರೆಯಲಿಲ್ಲ. "ಅಲ್ಲಿ ಗೇಣು ಬಿಟ್ಟು ಹೊಡಿಯೋಕೆ ಬಿಡಲ್ಲ ಕಣೋ" ಎಂದಷ್ಟೇ ಹೇಳಿ ಕದ ಹಾಕಿಕೊಂಡಿದ್ದಳು. ಆಮೇಲೆ ಆ ಕದಕ್ಕೆ ಒರಗಿ ಅತ್ತಳು ಕೂಡ.

ಅವತ್ತು ಚಿತ್ರೀಕರಣವಾಗಬೇಕಿದ್ದದ್ದು ಆಕಾಶದ ಸೈನಿಕರು ಒಂದು ಮನೆಗೆ ನುಗ್ಗಿ ತಂದೆಯನ್ನು ಬಡಿದು ಎಳೆದೊಯ್ಯುವ ದೃಶ್ಯ. ತಂದೆಯ ಪಾತ್ರದವನು ದಳಕ್ಕೆ ಹೆದರಿ ನಾಪತ್ತೆ. ಡೈರೆಕ್ಟರು ಸುತ್ತ ನೋಡಿ ಅಕ್ಕನ ಗಂಡನನ್ನೇ ಹಿಡಿದ. "ಎರಡೇ ಮಾತು ಸಾರ್, ಆಮೇಲೆ ಬೀಳೋದಷ್ಟೇ."

"ಬೀಳೋಕೆ ಬರಲ್ಲ ಅವರಿಗೆ" ಎಂದಳು ಅಕ್ಕ. ಗಂಡ ಆಗಲೇ ಪಾತ್ರದ ಕೋಟು ತೊಟ್ಟು ಮದುಮಗನಂತೆ ಬೀಗುತ್ತಿದ್ದ. ಅವಳು ಕಾಲರು ಸರಿ ಮಾಡುವ ನೆಪದಲ್ಲಿ ಹತ್ತಿರ ಹೋಗಿ, "ನೋವಾದ್ರೆ ನೆಲ ತಟ್ಟಿ, ರೀ. ನಾಚ್ಕೋಬೇಡಿ" ಎಂದಳು.

ಡೈರೆಕ್ಟರು ಆ್ಯಕ್ಷನ್ ಎಂದ. ಪ್ಲೈವುಡ್ ಬಾಗಿಲು ಹಾರಿಬಿತ್ತು, ಬೂದು ಹೆಲ್ಮೆಟ್ಟಿನವರು ನುಗ್ಗಿದರು. ಅವತ್ತು ಬರಬೇಕಿದ್ದವರು ಹೊಸ ಹುಡುಗರು, ಮುಖಪರಿಚಯವೇ ಇಲ್ಲದವರು. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಮುಂದಿದ್ದವನು ಗಂಡನ ಮೊಣಕಾಲ ಹಿಂದಕ್ಕೆ ಬಾರಿಸಿದ, ಕುಸಿದವನ ಕುತ್ತಿಗೆಯ ಹಿಂಭಾಗಕ್ಕೆ ಇನ್ನೊಬ್ಬ ಬೀಸಿದ. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗೆ ಸದ್ದಾಯಿತು. "ಭೇಷ್!" ಎಂದ ಡೈರೆಕ್ಟರು ಮೆಲ್ಲಗೆ.

ಅಕ್ಕ ಮಾತ್ರ ಹಲ್ಲು ಕಡಿದಳು. ಈ ಅಯೋಗ್ಯರಿಗೆ ಯಾರು ಕಲಿಸಿದ್ದು, ಗೇಣು ಎಲ್ಲಿ ಹೋಯಿತು, ಕಟ್ ಆಗಲಿ, ಒಬ್ಬೊಬ್ಬರ ಚರ್ಮ ಸುಲಿಯುತ್ತೇನೆ ಎಂದುಕೊಂಡಳು. ಅಷ್ಟರಲ್ಲಿ ಗಂಡನ ಮೂಗು ಒಡೆದು ರಕ್ತ ಕೋಟಿನ ಮೇಲೆ ಸುರಿಯಿತು. ಅವನು ಅಂಗೈಯಿಂದ ನೆಲ ತಟ್ಟಿದ. ಎರಡು ಸಲ.

ಯಾರೂ ನಿಲ್ಲಲಿಲ್ಲ. ಪಕ್ಕೆಗೆ ಬೂಟು ಬಿತ್ತು, ಹೆಗಲಿಗೆ ದೊಣ್ಣೆ ಬಿತ್ತು. ಅವನು ಮತ್ತೆ ತಟ್ಟಿದ, ಮತ್ತೆ ತಟ್ಟಿದ. ಆಗ ಹಿಂದಿನ ಸಾಲಿನಲ್ಲಿ ಒಂದೇ ಒಂದು ದೊಣ್ಣೆ ಎತ್ತಿದ ಹಾಗೇ ನಿಂತಿತು. ಅದು ಎಡಗೈಯಲ್ಲಿತ್ತು.

ಅಕ್ಕ ಆ ಕೈ ಗುರುತಿಸಿದಳು. "ಕಟ್! ಇವರು ನಮ್ಮೋರಲ್ಲ!" ಎಂದು ಕಿರುಚುತ್ತಾ ನುಗ್ಗಿದಳು. ಒಬ್ಬನ ಮಣಿಕಟ್ಟು ಹಿಡಿದು ತಿರುಚಿದಳು, ಮೂಳೆ ಲಟಕ್ಕೆಂದಿತು. ಇನ್ನೊಬ್ಬನ ಗಂಟಲಿಗೆ ಮೊಣಕೈಯಿಂದ ಗುದ್ದಿದಳು. ಇಷ್ಟು ವರ್ಷ ಗೇಣು ಬಿಟ್ಟು ಹೊಡೆದವಳು ಇವತ್ತು ಬಿಡಲಿಲ್ಲ. ಆದರೆ ಒಬ್ಬಳು ಎಷ್ಟು ಜನರನ್ನು ತಡೆದಾಳು? ದವಡೆಗೆ ದೊಣ್ಣೆ ಬಿತ್ತು, ಹಲ್ಲು ನಾಲಿಗೆಯ ಮೇಲೆ ಬಂತು. ಅವಳನ್ನು ಕವುಚಿ ಕೆಡವಿ ಬೆನ್ನ ಮೇಲೆ ಬೂಟು ಇಟ್ಟರು. ಮುರಿದ ಬಾಗಿಲಾಚೆ ಅವತ್ತಿನ ಹೊಸ ಹುಡುಗರು ಗೋಡೆಗೆ ಮುಖ ಮಾಡಿ, ಕೈ ಮೇಲೆತ್ತಿ ನಿಂತಿರುವುದು ಈಗ ಕಾಣಿಸಿತು.

"ಕ್ಯಾಮೆರಾ ನಿಲ್ಸೋ!" ಎಂದು ದಳದ ನಾಯಕ ಗದರಿದ. ಕ್ಯಾಮೆರಾದವನು ಹೂಂ ಎಂದು ಗೋಣು ಆಡಿಸಿ, ಉರಿಯುತ್ತಿದ್ದ ಕೆಂಪು ದೀಪದ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿದ. ನಾಯಕ ಎಡಚನತ್ತ ತಿರುಗಿದ. "ನೀನ್ಯಾಕೋ ನಿಂತೆ? ನಿಮ್ಮಪ್ಪನಾ ಅವನು? ತಲೆಗೆ ಕೊಟ್ಟು ಮುಗಿಸು!"

ಎಡಚ ಮುಂದೆ ಬಂದ. ಹೆಲ್ಮೆಟ್ಟಿನ ಸಂದಿಯಿಂದ ಒಮ್ಮೆ ಅಕ್ಕನನ್ನು ನೋಡಿದ. ಮೈಯೆಲ್ಲ ಬಲ ಹಾಕಿ ದೊಣ್ಣೆ ಬೀಸಿದ. ಹಲಗೆ ನೆಲ ಅದುರಿತು. ಎಲ್ಲರಿಗೂ ತಲೆ ಒಡೆದ ಹಾಗೇ ಕಂಡಿತು, ಕಲಿಸಿದವಳಿಗೆ ಮಾತ್ರ ಸತ್ಯ ತಿಳಿಯಿತು. ದೊಣ್ಣೆ ಬಿದ್ದದ್ದು ತಲೆಯಿಂದ ಒಂದು ಗೇಣು ಆಚೆ.

ಇನ್ನುಳಿದದ್ದು ಬೀಳುವವನ ಕೆಲಸ, ಅವನೋ ಏನೂ ಕಲಿಯದವನು. ಅಕ್ಕ ಬಿದ್ದಲ್ಲಿಂದಲೇ ಅರಚಿದಳು: "ಅಯ್ಯೋ, ಸತ್ತೇ ಹೋದ್ರಲ್ಲೋ!" ನಾಟಕ ಅರ್ಥವಾಗಲಿ, ಅಲುಗದೆ ಮಲಗಲಿ ಎಂದು ಕಂಡ ದೇವರಿಗೆಲ್ಲ ಬೇಡಿಕೊಂಡಳು. ಗಂಡ ಅಲುಗಲಿಲ್ಲ. ನಾಯಕ ಬಂದು ಪಕ್ಕೆಗೆ ಒದ್ದ, ಅಲುಗಲಿಲ್ಲ. ಬರೆಯುವ ಕೈಯ ಬೆರಳುಗಳ ಮೇಲೆ ಬೂಟು ಇಟ್ಟು ಹೊಸಕಿದ, ಆಗಲೂ ಇಲ್ಲ. "ಇಲ್ಲೇ ಕೊಳೀಲಿ. ಉಳಿದೋರಿಗೂ ಬುದ್ಧಿ ಬರುತ್ತೆ" ಎಂದು ಉಗಿದು ಅವನು ಹೊರಟ. ಎಡಚ ಹಿಂತಿರುಗಿ ನೋಡಲಿಲ್ಲ. ಕೆಲಸ ಕೈಗೂಡಿತೆಂದು ಅವನ ಹೆಗಲು ಹಗುರಾದದ್ದು ಅಕ್ಕನಿಗೆ ಕಾಣಿಸಿತು.

ವ್ಯಾನಿನ ಸದ್ದು ಅಡಗುವವರೆಗೆ ಅವಳು ಕಾದಳು. ಬಾಯಿ ತುಂಬ ರಕ್ತ, ಆದರೂ ಒಳಗೊಳಗೇ ಹಿಗ್ಗು. ಅಭ್ಯಾಸಕ್ಕೆ ಬನ್ನಿ ಎಂದರೆ ಬಾರದ ಮನುಷ್ಯ ಒಂದೇ ಟೇಕಿಗೆ ನನ್ನ ಹುಡುಗರನ್ನೆಲ್ಲ ಮೀರಿಸಿಬಿಟ್ಟನಲ್ಲ! ತೆವಳಿಕೊಂಡು ಹತ್ತಿರ ಹೋದಳು. "ಏಳ್ರೀ, ಹೋದ್ರು."

ಅವನು ಏಳಲಿಲ್ಲ.

"ಏಳಿ. ನಾನೇ ಹೇಳ್ತಿದೀನಲ್ಲ, ಏಳಿ." ಹೆಗಲು ಅಲುಗಿಸಿದಳು. ತಲೆ ಪಕ್ಕಕ್ಕೆ ವಾಲಿತು. ಕಿವಿಯಿಂದ ರಕ್ತ ಬಂದು ಆಗಲೇ ಕಪ್ಪಾಗಿತ್ತು. ಮೊದಲಿಗೇ ಕುತ್ತಿಗೆಗೆ ಬಿದ್ದ ಆ ಪೆಟ್ಟು, ಡೈರೆಕ್ಟರು ಭೇಷ್ ಎಂದ ಪೆಟ್ಟು, ಒಳಗೊಳಗೇ ತನ್ನ ಕೆಲಸ ಮಾಡಿ ಮುಗಿಸಿತ್ತು. ಎಡಚ ದೊಣ್ಣೆ ಎತ್ತುವ ಹೊತ್ತಿಗೆ ಉಳಿಸಲು ಅಲ್ಲಿ ಯಾರೂ ಇರಲಿಲ್ಲ.

ಅಕ್ಕ ಅಂಗೈಯಿಂದ ನೆಲ ತಟ್ಟಿದಳು, ಎರಡು ಸಲ. ಸ್ವಲ್ಪ ತಡೆದು ಮತ್ತೆ ಎರಡು ಸಲ. ಸೆಟ್ಟಿನಲ್ಲಿ ಎಲ್ಲರೂ ನಿಂತಲ್ಲೇ ನಿಂತಿದ್ದರು. ಡೈರೆಕ್ಟರು ಬಿಕ್ಕಿಬಿಕ್ಕಿ ಅಳುತ್ತಿದ್ದ. ಕ್ಯಾಮೆರಾದವನು ಹೆಬ್ಬೆರಳು ತೆಗೆದ. ಕೆಂಪು ದೀಪ ಇನ್ನೂ ಉರಿಯುತ್ತಿತ್ತು.

"ನಿಲ್ಲಿಸ್ಲಾ ಅಕ್ಕಾ?" ಎಂದ ಅವನು.

"ಬೇಡ." ಅವಳು ಗಂಡನ ಜಜ್ಜಿಹೋದ ಬೆರಳುಗಳನ್ನು ಒಂದೊಂದಾಗಿ ನೆಟ್ಟಗೆ ಮಾಡುತ್ತಿದ್ದಳು. "ಈ ವಾರದ ಕಂತಿಗೆ ಇದನ್ನೇ ಹಾಕಿ."

"ದಳದೋರು ಬಿಡ್ತಾರಾ? ಏನಂತ ಹೇಳಿ ಹಾಕೋದು?"

"ಆಕಾಶದವರು ಬಂದಿದ್ರು ಅಂತ ಹೇಳಿ ಹಾಕಿ" ಎಂದಳು ಅಕ್ಕ. "ಜನಕ್ಕೆ ಗೊತ್ತಾಗುತ್ತೆ."