ಪಟ್ಟೆಗೆ ಮೈಲಿಗೆಯಿಲ್ಲ

ನಮ್ಮ ಅತ್ತೆ ನೀರಜಾಕ್ಷಿಯವರು ಇನ್ನೊಬ್ಬರು ಕುಡಿದಿಟ್ಟ ಲೋಟ ಮುಟ್ಟಿದರೂ ಕೈ ತೊಳೆಯುವವರು. ಅಂಥವರು ಇನ್ನೊಬ್ಬರ ಮನೆಯ ಪರದೆಗಳನ್ನು ದುಡ್ಡು ಕೊಟ್ಟು ತಂದರು ಎಂದರೆ ನಮ್ಮ ವಾಮಂಜೂರಿನಲ್ಲಿ ಯಾರೂ ನಂಬಲಿಕ್ಕಿಲ್ಲ. ಆಟೋದಿಂದ ಆ ಗಂಟು ಇಳಿಸಿದವಳು ಅವರ ಸೊಸೆಯಾದ ನಾನು, ಅನಘ. ಹಾಗಾಗಿ ನನ್ನ ಮಾತನ್ನು ನಂಬಬಹುದು.

ಇಷ್ಟಕ್ಕೆಲ್ಲ ಕಾರಣ ನನ್ನ ನಾದಿನಿ ಮಾನ್ಯಾ. ಅವಳು ತೊಕ್ಕೊಟ್ಟಿನ ಒಂದು ಬ್ಯಾಂಕಿನಲ್ಲಿದ್ದಾಳೆ. ಅದೇ ಬ್ಯಾಂಕಿನ ಸುಘೋಷನನ್ನು ಮೆಚ್ಚಿಕೊಂಡಿದ್ದಳು. ಪುಣ್ಯಕ್ಕೆ ಹುಡುಗ ನಮ್ಮ ಜಾತಿಯವನೇ, ಮನೆ ದೇರೆಬೈಲಿನಲ್ಲಿ, ಗೋತ್ರವೂ ಬೇರೆ. ಮಾವ ರಾಧಾಕೃಷ್ಣ ಭಟ್ಟರು ದೇವಸ್ಥಾನದ ಅರ್ಚಕರು. ಹುಡುಗನ ಜಾತಕಕ್ಕಿಂತ ಅವನ ಮನೆಯ ಅಡುಗೆಮನೆಯ ಬಗ್ಗೆ ಹೆಚ್ಚು ವಿಚಾರಿಸಿದರು. ಬೆಳ್ಳುಳ್ಳಿ ಹೊಸ್ತಿಲು ದಾಟದ ಮನೆ ಎಂದು ಗೊತ್ತಾದ ಮೇಲೆ ಅವರ ಮುಖ ಅರಳಿತು.

"ಆಚಾರ ಇಲ್ಲದ ಮನೆಗೆ ಮಗಳನ್ನು ಕೊಡುವುದಿಲ್ಲ. ಹುಡುಗ ಬ್ಯಾಂಕಿನ ಚೇರ್ಮನ್ ಆಗಿದ್ದರೂ ಸಹ ಕೊಡುವುದಿಲ್ಲ," ಎಂದರು.

ಮಾನ್ಯಾ ನನ್ನ ಹತ್ತಿರ ಹೇಳಿದ್ದು ಬೇರೆ. "ಅತ್ತಿಗೆ, ಇದು ಆಗದಿದ್ದರೆ ನನಗೆ ಇನ್ನೊಂದು ಬೇಡ." ಅವಳು ಹಠ ಮಾಡುವ ಹುಡುಗಿಯಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಆಟಿ ತಿಂಗಳಲ್ಲಿ ನಮ್ಮ ಕಡೆ ಮದುವೆಯ ಮಾತೆತ್ತುವುದಿಲ್ಲ. ಆಟಿ ಮುಗಿದು ಸೋಣ ತಿಂಗಳು ಹುಟ್ಟಿದ ಮೊದಲ ಭಾನುವಾರವೇ ಹುಡುಗನ ಕಡೆಯವರು ಬರುವುದು ಎಂದಾಯಿತು. ಅತ್ತೆ ಮನೆಯ ಮುಂಗೋಣೆಯಾದ ಚಾವಡಿಯಲ್ಲಿ ಕುಳಿತು, ಬರುವವರ ಕಣ್ಣಿನಿಂದ ಒಮ್ಮೆ ನಮ್ಮ ಮನೆಯನ್ನು ನೋಡಿದರು. ಕಿಟಕಿಯ ಪರದೆಗಳಲ್ಲಿ ಹೂವು ಯಾವುದು, ಮಳೆಗಾಲದ ಬೂಷ್ಟು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ.

ಪಕ್ಕದ ಮನೆಯ ಕ್ರಿಶ್ಚಿಯನ್ ಹೆಂಗಸು ಬರ್ನಡೆಟ್ ಅವರನ್ನು ಎಲ್ಲರೂ ಗೌರವದಿಂದ ಬಾಯಿ ಎನ್ನುತ್ತಾರೆ. ಅವರು ಟೀಚರ್ ಕೆಲಸದಿಂದ ನಿವೃತ್ತರಾದ ಮೇಲೆ ವಾಟ್ಸಪ್ಪಿನಲ್ಲಿ ಒಂದು ಗುಂಪು ನಡೆಸುತ್ತಾರೆ. ಬೇಡವಾದವರ ಸಾಮಾನನ್ನು ಬೇಕಾದವರಿಗೆ ದಾಟಿಸುವುದು ಅದರ ಕೆಲಸ. ಕೊಟ್ಟವರು ಯಾರು, ಕೊಂಡವರು ಯಾರು ಎಂದು ಬರ್ನಡೆಟ್ ಬಾಯಿ ಸತ್ತರೂ ಹೇಳುವುದಿಲ್ಲ. ಆ ಒಂದು ನಿಯಮ ಇಲ್ಲದಿದ್ದರೆ ಈ ಊರಿನಲ್ಲಿ ಅಂಥ ಗುಂಪು ಒಂದು ವಾರವೂ ಬದುಕುತ್ತಿರಲಿಲ್ಲ. ಅದರಲ್ಲಿ ಒಂದು ದಿನ ಜೇನುಬಣ್ಣದ ಪಟ್ಟೆ ಪರದೆಗಳ, ಅಂದರೆ ರೇಷ್ಮೆ ಪರದೆಗಳ ಫೋಟೋ ಬಂತು. ಅತ್ತೆಗೆ ಅದನ್ನು ನೋಡಿದ ಮೇಲೆ ಊಟ ಸೇರಲಿಲ್ಲ.

"ಬೇರೆಯವರು ಬಳಸಿದ್ದಲ್ವಾ ಅತ್ತೆ?" ಎಂದೆ, ಬೇಕೆಂದೇ.

"ಪಟ್ಟೆಗೆ ಮೈಲಿಗೆ ಇಲ್ಲ. ಶಾಸ್ತ್ರ ಗೊತ್ತಿಲ್ಲದಿದ್ದರೆ ಸುಮ್ಮನಿರು ಮಾರಾಯ್ತಿ. ಮಾವನ ಹತ್ತಿರ ಮಾತ್ರ ಹೊಸತು ಅಂತ ಹೇಳು."

ಶಾಸ್ತ್ರದ ಬೆಂಬಲ ಅಷ್ಟು ಗಟ್ಟಿಯಾಗಿದ್ದರೆ ಮಾವನಿಗೆ ಸುಳ್ಳು ಯಾಕೆ ಎಂದು ನಾನು ಕೇಳಲಿಲ್ಲ. ನನಗೂ ಆ ಪರದೆಗಳು ಇಷ್ಟವಾಗಿದ್ದವು.

ಗಂಟು ಬಿಚ್ಚಿದಾಗ ಮೊದಲು ಸಾಂಬ್ರಾಣಿಯ ಪರಿಮಳ ಬಂತು. "ನೋಡು, ದೇವರಕೋಣೆ ಇರುವವರ ಮನೆಯದ್ದು," ಎಂದು ಅತ್ತೆ ಕಣ್ಣು ಮುಚ್ಚಿ ಮೂಗಿಗೆ ಹಿಡಿದರು. ಸಾಂಬ್ರಾಣಿಯ ಬೆನ್ನಿಗೇ ಇನ್ನೊಂದು ವಾಸನೆ ಬಂತು. ಅತ್ತೆ ಕಣ್ಣು ತೆರೆದರು. ನಾನು ಬಾಗಿಲಿನವರೆಗೆ ಹೋಗಿ ನಿಂತೆ. ಅದು ಎಂಥ ವಾಸನೆ ಎಂದು ಹುಟ್ಟಿನಿಂದ ಸಾರು, ಹುಳಿ ಉಂಡ ನಮ್ಮಿಬ್ಬರಿಗೂ ಹೇಳಲಾಗಲಿಲ್ಲ. ಬ್ಯಾಂಕಿನಿಂದ ಬಂದ ಮಾನ್ಯಾ ಮಾತ್ರ ಪರದೆಗಳ ಪಕ್ಕದಲ್ಲೇ ಆರಾಮವಾಗಿ ಕುಳಿತಳು.

"ನನಗೆ ಎಂತದೂ ಬರ್ತಾ ಇಲ್ಲಪ್ಪ. ತಿನ್ಲಿಕ್ಕೆ ಎಂತ ಉಂಟು ಅಮ್ಮ? ಭಯಂಕರ ಹಸಿವಾಗ್ತಾ ಉಂಟು."

ಆಮೇಲೆ ಅತ್ತೆ ಯುದ್ಧಕ್ಕಿಳಿದರು. ಮಹಡಿಯ ಶೀಟಿನ ಕೆಳಗೆ ಪರದೆಗಳನ್ನು ತೂಗುಹಾಕಿ ಧೂಪ ಹಾಕಿದರು. ಮಡಿಕೆಗಳ ನಡುವೆ ಕರ್ಪೂರ ಇಟ್ಟರು. ಕಾಫಿಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಸಿಕ್ಕಿಸಿದರು. ನಾನೂ ಸುಮ್ಮನಿರಲಾರದೆ ನನ್ನ ಸೆಂಟು ಹೊಡೆದೆ. ಹೊರಗೆ ಮಳೆ ಬಿಟ್ಟು ಬಿಟ್ಟು ಸುರಿಯುತ್ತಿತ್ತು. ಗಾಳಿ ತೇವವಾದ ಕೂಡಲೆ ಕರ್ಪೂರ, ಕಾಫಿ, ಸೆಂಟು ಎಲ್ಲವನ್ನೂ ಹಿಂದೆ ಹಾಕಿ ಆ ಹಳೆಯ ವಾಸನೆಯೇ ಮುಂದೆ ಬಂದು ನಿಲ್ಲುತ್ತಿತ್ತು. ಮಾವ ಒಮ್ಮೆ ಮೂಗು ಅರಳಿಸಿ, "ಹೊಸ ಪಟ್ಟೆ ಅಲ್ವಾ, ಅಂಗಡಿಯವರು ಎಂತದೋ ಗಂಜಿ ಹಾಕ್ತಾರೆ," ಎಂದು ತಾವೇ ಸಮಾಧಾನ ಹೇಳಿ ಸಂಧ್ಯಾವಂದನೆಗೆ ಹೋದರು.

ಕೊನೆಗೆ ಬರ್ನಡೆಟ್ ಬಾಯಿಯನ್ನೇ ಕರೆದೆವು. ಅವರು ಪಟ್ಟೆಯನ್ನು ಬಿಟ್ಟು ಅದರ ಹಿಂದಿನ ಹತ್ತಿಯ ಅಸ್ತರನ್ನು ಮೂಗಿಗೆ ಹಿಡಿದು ಒಂದು ಕ್ಷಣ ಧ್ಯಾನ ಮಾಡಿದರು.

"ಅಂಜಲ್ ಮೀನು, ನೀರಜಕ್ಕ. ತವಾ ಫ್ರೈ."

ಅತ್ತೆ ಅಲ್ಲೇ ಮೆಟ್ಟಿಲ ಮೇಲೆ ಕುಳಿತರು.

"ಮನೆಯಲ್ಲಿ ಮಾಡಿದ್ದಲ್ಲ. ಒಲೆಯ ಹೊಗೆ ಇಲ್ಲ ಇದರಲ್ಲಿ," ಎಂದು ಬಾಯಿ ಮುಂದುವರಿಸಿದರು. "ಹೋಟೆಲಿಂದ ಪಾರ್ಸೆಲ್ ತಂದು, ಕಿಟಕಿ ಹಾಕಿ, ಪರದೆ ಎಳೆದು ತಿಂದದ್ದು. ಇಲ್ಲಿ ನೋಡಿ, ಕೈ ಸಹ ಒರಸಿದ್ದಾರೆ. ತುಂಬಾ ಸಲ."

ಅಸ್ತರಿನ ಮೇಲೆ, ಕುಳಿತವರ ಕೈ ಮುಟ್ಟುವಷ್ಟು ಎತ್ತರದಲ್ಲಿ, ಹಳದಿ ಎಣ್ಣೆಕಲೆಗಳಿದ್ದವು.

"ನಿಮ್ಮವರದ್ದಾ ಬಾಯಿ?" ಅತ್ತೆಯ ಸ್ವರ ಎಲ್ಲೋ ಕೆಳಗಿನಿಂದ ಬಂತು.

"ನಮ್ಮವರು ಮೀನು ತಿನ್ನುವಾಗ ಪರದೆ ಯಾಕೆ ಎಳೀಬೇಕು ನೀರಜಕ್ಕ?"

ಈ ಮಾತಿನ ಅರ್ಥವನ್ನು ಪೂರ್ತಿ ಯೋಚಿಸುವಷ್ಟು ಪುರುಸೊತ್ತು ಅತ್ತೆಗೆ ಇರಲಿಲ್ಲ, ಯಾಕೆಂದರೆ ಭಾನುವಾರ ಹತ್ತಿರ ಬಂದಿತ್ತು. ಹಳೆಯ ಪರದೆಗಳನ್ನು ಆಗಲೇ ನೆಲ ಒರಸಲು ಹರಿದಾಗಿತ್ತು.

"ಧೂಪ ಹಾಕಿದರೆ ಅಂಜಲ್ ಓಡಿ ಹೋಗ್ಲಿಕ್ಕೆ ಅದೇನು ದೆವ್ವವಾ?" ಎಂದು ಬಾಯಿ ಎದ್ದರು. "ಅಸ್ತರು ಬಿಚ್ಚಿ. ಪಾತ್ರೆ ತೊಳೆಯುವ ಸಾಬೂನಲ್ಲಿ ಎಣ್ಣೆ ತೆಗೀರಿ, ಮತ್ತೆ ವಿನೆಗರ್ ನೀರಲ್ಲಿ ಹಾಕಿಡಿ. ಮೀನಿಗೆ ಹುಳಿಯೇ ಮದ್ದು."

ಪಟ್ಟೆಗೆ ಮೈಲಿಗೆಯಿಲ್ಲ ಸರಿ, ಆದರೆ ಅಸ್ತರು ಹತ್ತಿ. ಶಾಸ್ತ್ರ ಅಷ್ಟು ತೆಳ್ಳಗಿನ ಬಟ್ಟೆಯಲ್ಲಿ ಕೈಕೊಡುತ್ತದೆ ಎಂದು ಅತ್ತೆ ಎಣಿಸಿರಲಿಲ್ಲ. ಮಾವ ದೇವಸ್ಥಾನಕ್ಕೆ ಹೋದ ಹೊತ್ತಿಗೆ ಇಬ್ಬರೂ ಕುಳಿತು ಹೊಲಿಗೆ ಬಿಚ್ಚಿದೆವು. ಅತ್ತೆ ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಬಾಯಲ್ಲಿ ವಿಷ್ಣು ಸಹಸ್ರನಾಮ ಹೇಳುತ್ತಾ, ಅಸ್ತರನ್ನು ಸಾಬೂನಿನಲ್ಲಿ ತಿಕ್ಕಿ ವಿನೆಗರಿನಲ್ಲಿ ಮುಳುಗಿಸಿದರು. ಪಟ್ಟೆಯನ್ನು ತಮ್ಮ ತಾಯಿ ಮಾಡುತ್ತಿದ್ದ ಹಾಗೆ ಅಂಟುವಾಳದ ನೊರೆಯಲ್ಲಿ ಅದ್ದಿ, ಹಿಂಡದೆ, ಫ್ಯಾನಿನ ಕೆಳಗೆ ಹರಡಿದರು. ಒಂದು ಪರದೆಯ ಕೆಳಮೂಲೆಯಲ್ಲಿ ಮಾವಿನೆಲೆಯ ಆಕಾರದ ತೇಪೆಯಿತ್ತು, ಬಹಳ ನಾಜೂಕಾಗಿ ಕೈಯಲ್ಲಿ ಹೊಲಿದದ್ದು. ಒಣಗಿದ ಅಸ್ತರನ್ನು ಮತ್ತೆ ಹೊಲಿದು, ಆ ತೇಪೆಯನ್ನು ಒಳಮಡಿಕೆಯಲ್ಲಿ ಅಡಗಿಸಿ ಪರದೆ ಏರಿಸಿದೆವು. ವಾಸನೆ ಹೋಗಿತ್ತು. ಹೋಗಿತ್ತು ಎಂದು ನಾವು ಒಬ್ಬರಿಗೊಬ್ಬರು ಹೇಳಿಕೊಂಡೆವು.

ಭಾನುವಾರ ಸುಘೋಷ ತಂದೆತಾಯಿಯ ಜೊತೆ ಬಂದ. ತಂದೆ ಕಚ್ಚೆಪಂಚೆಯಲ್ಲಿ, ತಾಯಿ ಇಂದುಮತಿ ತಿಳಿಹಸುರು ಪಟ್ಟೆ ಸೀರೆಯಲ್ಲಿ. ಗಂಡಸರು ಕುಳಿತವರೇ ಆಚಾರದ ಮಾತಿಗಿಳಿದರು.

"ನಮ್ಮಲ್ಲಿ ನೀರುಳ್ಳಿ ಸಹ ಒಳಗೆ ತರುವುದಿಲ್ಲ," ಎಂದರು ಹುಡುಗನ ತಂದೆ.

"ಹಾಗೆಯೇ ಇರ್ಬೇಕು," ಎಂದು ಮಾವ ತೊಡೆ ತಟ್ಟಿದರು.

ಇಂದುಮತಿಯವರು ಕುಳಿತಿರಲಿಲ್ಲ. ಕಿಟಕಿಯ ಹತ್ತಿರ ನಿಂತುಬಿಟ್ಟಿದ್ದರು. ಮಳೆ ನೋಡುವವರ ಹಾಗೆ ಆಚೆ ತಿರುಗಿದ್ದರು, ಕೈ ಮಾತ್ರ ಪರದೆಯ ಒಳಮಡಿಕೆಗೆ ಹೋಯಿತು. ಹುಡುಕಲಿಲ್ಲ, ತಡಕಾಡಲಿಲ್ಲ, ನೇರವಾಗಿ ಆ ಮಾವಿನೆಲೆಯ ತೇಪೆಯ ಮೇಲೆ ಹೋಗಿ ನಿಂತಿತು. ಮತ್ತೆ ಅವರು ಪರದೆಯ ಅಂಚನ್ನು ಎತ್ತಿ, ನೇಯ್ಗೆ ನೋಡುವ ನೆಪದಲ್ಲಿ, ಅಸ್ತರನ್ನು ಮೂಸಿದರು.

ಗೋಳಿಬಜೆಯ ತಟ್ಟೆ ಹಿಡಿದ ಅತ್ತೆ ಅದನ್ನು ನೋಡಿದರು. ನಾನು ಅತ್ತೆಯನ್ನು ನೋಡಿದೆ.

"ಅಮ್ಮ, ಇದು ನಮ್ಮ ಹಾಲಿನ ಕಿಟಕಿಯ..." ಎಂದು ಸುಘೋಷ ಶುರು ಮಾಡಿದ.

"ಗೋಳಿಬಜೆ ತಿನ್ನು. ಬಿಸಿ ಉಂಟು," ಎಂದರು ಇಂದುಮತಿ, ಅವನ ಕಡೆ ತಿರುಗದೆ.

ಸುಘೋಷ ಪರದೆಯನ್ನು, ತಾಯಿಯನ್ನು ನೋಡಿ, ಎರಡು ಗೋಳಿಬಜೆ ಒಟ್ಟಿಗೆ ಬಾಯಿಗೆ ಹಾಕಿಕೊಂಡ. ತನಗರಿಯದಂತೆ ಕೈಯನ್ನು ಪರದೆಯ ಕಡೆಗೆ ಒಯ್ದವನು ಅರ್ಧದಲ್ಲಿ ನಿಲ್ಲಿಸಿ ಜೇಬಿನಿಂದ ಕರವಸ್ತ್ರ ತೆಗೆದ.

ಎಲ್ಲವೂ ಅತ್ತೆಯ ಒಂದು ಮಾತಿನ ಮೇಲೆ ನಿಂತಿತ್ತು. ಅವರು ನಿಜ ಹೇಳಿದರೆ ಮಾವ ಆ ಕ್ಷಣವೇ ಎದ್ದು ಕೈಮುಗಿದು ಬಂದವರನ್ನು ಕಳಿಸುತ್ತಿದ್ದರು. ಮಾನ್ಯಾ ಕಾಫಿಯ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ತಾಯಿಯ ಮೇಲೇ ಇತ್ತು. ಆಚಾರಕ್ಕಾಗಿ ಇಷ್ಟು ವರ್ಷ ನನ್ನ ಜೀವ ತಿಂದ ಈ ಹೆಂಗಸು ಈಗ ಎಂತ ಹೇಳುತ್ತಾರೋ ಎಂದು ನಾನು ಅವರ ತುಟಿಯನ್ನೇ ನೋಡುತ್ತಿದ್ದೆ.

"ಕಾಫಿ ಆರ್ತದೆ ಮಾನ್ಯಾ, ಕೊಡು," ಎಂದರು ಅತ್ತೆ. "ಸುಘೋಷನಿಗೆ ಮೊದಲು."

ಮದುವೆಯಾಗಿ ಬಂದ ಮೇಲೆ ಮೊದಲ ಸಲ ನನಗೆ ಅತ್ತೆಯನ್ನು ಅಪ್ಪಿಕೊಳ್ಳಬೇಕು ಎನಿಸಿತು. ಮಾವನಿಗೆ ಇದೊಂದೂ ಗೊತ್ತಿಲ್ಲ. "ಈ ಪರದೆ ನೀವು ಬರ್ತೀರೀಂತಲೇ ಹೊಸದಾಗಿ ತಂದದ್ದು. ಅಪ್ಪಟ ಪಟ್ಟೆ!" ಎಂದರು.

"ಚಂದ ಉಂಟು," ಎಂದರು ಇಂದುಮತಿ. "ಇಂಥದ್ದು ನಾನು ಎಲ್ಲಿಯೂ ನೋಡಿಲ್ಲ."

ನಿಶ್ಚಿತಾರ್ಥಕ್ಕೆ ದಿನ ನೋಡುವುದು ಎಂದು ಮಾತಾಯಿತು. ಗಂಡಸರು ಅಂಗಳಕ್ಕಿಳಿದರು. ಅತ್ತೆ ಇಂದುಮತಿಯವರಿಗೆ ಕುಂಕುಮ, ಮಲ್ಲಿಗೆ ಕೊಡಲು ಒಳಗೆ ಕರೆದರು. ತಟ್ಟೆ ಹಿಡಿದವಳು ನಾನು. ಹಣೆಗೆ ಕುಂಕುಮ ಇಟ್ಟುಕೊಂಡ ಇಂದುಮತಿ ತಲೆ ತಗ್ಗಿಸಿಯೇ ಮೆಲ್ಲಗೆ ಕೇಳಿದರು:

"ಎಂತ ಹಾಕಿ ತೆಗೆದ್ರಿ?"

ಅತ್ತೆ ಮಲ್ಲಿಗೆಯ ದಾರ ಕತ್ತರಿಸಿದರು.

"ಪಟ್ಟೆಗೆ ಅಂಟುವಾಳ. ಅಸ್ತರಿಗೆ ವಿನೆಗರ್."

"ನಾನು ಧೂಪ ಹಾಕಿ ಹಾಕಿ ಸಾಕಾಗಿ ಕೊಟ್ಟುಬಿಟ್ಟೆ. ಇವರಿಗೆ ಗೊತ್ತಾದರೆ ಮಗನನ್ನು ಮನೆಯಿಂದ ಹೊರಗೆ ಹಾಕ್ತಾರೆ." ಅವರ ಕಣ್ಣಲ್ಲಿ ನೀರಿತ್ತು. "ಪೂರ್ತಿ ಹೋಯಿತಾ?"

"ಪೂರ್ತಿ ಹೋಗುವುದಿಲ್ಲ. ಮಳೆ ಬಂದರೆ ಸ್ವಲ್ಪ ಬರ್ತದೆ," ಎಂದು ಅತ್ತೆ ಅವರ ಮುಡಿಗೆ ತಾವೇ ಹೂವು ಮುಡಿಸಿದರು. "ಕಿಟಕಿ ತೆರೆದಿಡಿ. ಹುಡುಗಿ ಬರುವ ಮನೆ."

ಕಾರು ಹೋದ ಮೇಲೆ ಮಾವ ಚಾವಡಿಯಲ್ಲಿ ಕಾಲು ಚಾಚಿ, "ಎಂಥ ಶುದ್ಧ ಮನೆ ನೋಡು!" ಎಂದು ಹೇಳಿದ್ದನ್ನೇ ಹೇಳಿದರು. ಆಮೇಲೆ ಸ್ನಾನಕ್ಕೆ ಹೋದರು. ಮಾನ್ಯಾ ಹಾಡು ಗುನುಗುತ್ತಾ ಲೋಟ ತೊಳೆಯುತ್ತಿದ್ದಳು. ಅತ್ತೆ ಅವಳ ಪಕ್ಕಕ್ಕೆ ಹೋಗಿ ನಿಂತು, ಬುಟ್ಟಿಯಿಂದ ಒಂದು ಲಿಂಬೆಹಣ್ಣು ತೆಗೆದು ಎರಡು ಹೋಳು ಮಾಡಿ ಸಿಂಕಿನ ಅಂಚಿಗಿಟ್ಟರು.

"ತೊಕ್ಕೊಟ್ಟಿನಲ್ಲಿ ಅವನ ಒಟ್ಟಿಗೆ ಊಟ ಮಾಡಿ ಬರುವ ದಿನ ಇದರಲ್ಲಿ ಕೈ ತೊಳೆ. ಸಾಬೂನು ಸಾಲುವುದಿಲ್ಲ."