ಉದ್ಘಾಟನೆಯ ತಾಲೀಮು

ಕಲ್ಲಬನದ ಸಂತೆಯಲ್ಲಿ ಗೆಣಸು ಮಾರಲು ಕುಳಿತರೆ ಮುದುಕಿ ಗೌರವ್ವ ಸಂಜೆಯವರೆಗೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ನೀರು ಕುಡಿದರೆ ಎದ್ದು ಹೋಗಬೇಕು, ಹೋಗಲು ಜಾಗವಿಲ್ಲ. ಜಾಗವಿಲ್ಲ ಎಂದರೂ ತಪ್ಪಾದೀತು. ಅವಳ ಎದುರಿಗೇ ಗುಲಾಬಿ ಬಣ್ಣದ ಹೊಸ ಮಹಿಳಾ ಶೌಚಾಲಯ ನಿಂತಿತ್ತು. ನಳದಲ್ಲಿ ನೀರಿತ್ತು, ಗೋಡೆಗೆ ಕನ್ನಡಿಯಿತ್ತು, ಬಾಗಿಲಿಗೆ ಬೀಗವೂ ಇತ್ತು. ಉದ್ಘಾಟನೆ ಮಾತ್ರ ಆಗಿರಲಿಲ್ಲ.

ಗ್ರಾಮ ಪಂಚಾಯಿತಿಯ ಅಧ್ಯಕ್ಷೆ ಕಾಂತಾ. ಸ್ಥಾನ ಮಹಿಳೆಗೆ ಮೀಸಲಾಗಿದ್ದರಿಂದ ಆರಿಸಿ ಬಂದವಳು ಅವಳು, ಕುರ್ಚಿಯಲ್ಲಿ ಕೂರುವವನು ಗಂಡ ಸಿದ್ದಪ್ಪ. ಸಹಿ ಬೇಕಾದಾಗ ಅಡುಗೆಮನೆಯಿಂದ ಅವಳನ್ನು ಕರೆಸುತ್ತಿದ್ದರು. ಅವಳು ಬಂದು ಸಹಿ ಹಾಕಿ, ಒಗ್ಗರಣೆ ಸೀದೀತೆಂದು ಓಡುತ್ತಿದ್ದಳು.

ಖಾನಾಪುರ ತಾಲೂಕಿನ ಯಾವ ಊರಿಗೆ ಯಾವ ಕಟ್ಟಡ ಬೇಕೆಂದು ಹೊಂದಿಸುವ ಕೆಲಸ ಬೆಳಗಾವಿಯ ಜಿಲ್ಲಾ ಪಂಚಾಯಿತಿ ಕಚೇರಿಯ ಪಾರ್ಶ್ವನದು. ಖಾಸಬಾಗದ ಮನೆಯಿಂದ ಬೈಕಿನಲ್ಲಿ ಹೊರಟು ಊರೂರು ಸುತ್ತುತ್ತಿದ್ದ ಅವನು ಒಂದು ದಿನ ಕಲ್ಲಬನಕ್ಕೂ ಬಂದ.

"ಸಿದ್ದಪ್ಪನವರ, ಇದನ್ನ ಯಾವಾಗ ತೆಗೀತೀರಿ?"

"ಮಂತ್ರಿಗಳ ತಾರೀಖು ಸಿಗಲಿ ಸಾಹೇಬ್ರ. ಐದೂ ಊರಿನ ಉದ್ಘಾಟನೆ ಒಂದ ದಿನ ಅಂತ ಠರಾವ್ ಆಗೇತಿ."

"ಲೋಂಡಾ ಕಡೆ ಒಂದೂರಾಗ ಗ್ರಂಥಾಲಯಕ್ಕ ಕೀಲಿ. ಇನ್ನೊಂದೂರಾಗ ಅಂಗನವಾಡಿಗೆ ಕೀಲಿ. ಅಲ್ಲಿ ಹುಡುಗ್ರು ಕಿಡಕ್ಯಾಗಿಂದ ಆಟಿಗಿ ಸಾಮಾನು ನೋಡಿ ಮನಿಗೆ ಹೋಗ್ತಾವ. ಯಾಕಂದ್ರ, ಐದನೇ ಊರಿನ ಸಮುದಾಯ ಭವನಕ್ಕ ಇನ್ನೂ ಛತ್ತು ಹಾಕಿಲ್ಲ."

"ಮತ್ತ? ಛತ್ತಿಲ್ಲದ್ದು ಹ್ಯಾಂಗ ಉದ್ಘಾಟನೆ ಮಾಡೂದ್ರಿ?"

"ಅಂದ್ರ ಅಲ್ಲಿ ಛತ್ತು ಹಾಕೂತನಕ ಇಲ್ಲಿ ಹೆಣ್ಣುಮಕ್ಕಳು ತಡಕೊಂಡಿರಬೇಕು!"

"ಇಷ್ಟ ವರ್ಷ ತಡಕೊಂಡಾರಲ್ರಿ. ಮಂತ್ರಿ ಬಂದ್ರ ಊರಿಗೊಂದು ರಸ್ತಾ ಕೇಳಬಹುದು. ಕೀಲಿ ನಾವ ತೆಗದ್ರ ಅವರು ಯಾಕ ಬರ್ತಾರ?"

ಪಾರ್ಶ್ವ ಬೈಕು ಹತ್ತಿದ. ಆ ರಸ್ತೆ ಹೇಗಿದೆಯೆಂದು ಅವನ ಸೊಂಟಕ್ಕೆ ಗೊತ್ತಿತ್ತು.

ಕೊನೆಗೊಮ್ಮೆ ಆ ಭವನದ ಛತ್ತು ಬಿತ್ತು, ಅಂದರೆ ಚಾವಣಿ ಹಾಕಿ ಮುಗಿಸಿದರು. ಮುಂದಿನ ಸಂತೆಯ ದಿನ ಮಂತ್ರಿಗಳು ಬರಬಹುದೆಂದು ಫೋನು ಬಂತು. ಸಿದ್ದಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಈ ವಾರದ ಸಂತೆಯಲ್ಲೇ ತಾಲೀಮು ಆಗಬೇಕೆಂದ. ಪೆಂಡಾಲು, ಮೈಕು, ರಿಬ್ಬನ್ನು ಎಲ್ಲ ಬಂದವು. ಊರಿನ ಗಂಡಸರೆಲ್ಲ ವೇದಿಕೆಯ ಗಣ್ಯರ ಪಾತ್ರ ಹಿಡಿದು ಕುಳಿತುಬಿಟ್ಟರು. ಮಂತ್ರಿಯ ಪಾತ್ರಕ್ಕೆ ಯಾರೂ ಉಳಿಯಲಿಲ್ಲ.

"ಕಾಂತಾ, ನೀನ ಮಂತ್ರಿ ಆಗು ಬಾ," ಎಂದ ಸಿದ್ದಪ್ಪ.

ಶಾಲು ಹೊದ್ದು, ಹಾರ ಹಾಕಿಸಿಕೊಂಡು ಕಾಂತಾ ಬಾಗಿಲ ಮುಂದೆ ನಿಂತಳು. "ಖರೇನ ಕತ್ತರಸಲೇನ್ರಿ?"

"ಕತ್ತರಸು, ರಿಬ್ಬನ್ ಇನ್ನೂ ಐತಿ. ಕೀಲೀನೂ ತಗಿ. ತುಕ್ಕು ಹಿಡದು ಮಂತ್ರಿಗಳ ಮುಂದ ಮಾನ ಹೋಗಬಾರದು. " ಕಾಂತಾ ರಿಬ್ಬನ್ನು ಕತ್ತರಿಸಿ, ಬೀಗ ತೆಗೆದು ಬಾಗಿಲು ತೆರೆದಳು. "ಹಾಂ, ಈಗ ಭಾಷಣ. ಮೈಕು ಹ್ಯಾಂಗೈತಿ ನೋಡೂಣು, ನಾಕ ಮಾತ ಆಡು."

ಕಾಂತಾ ಮೈಕಿನ ಮುಂದೆ ಎಂದೂ ನಿಂತವಳಲ್ಲ. ಏನು ಹೇಳುವುದೆಂದು ತಿಳಿಯದೆ ಸಂತೆಯ ಕಡೆ ನೋಡಿದಳು. ಬಿಸಿಲಲ್ಲಿ ಗೌರವ್ವ ಒಣಗಿದ ತುಟಿ ಸವರಿಕೊಳ್ಳುತ್ತಿದ್ದಳು.

"ಗೌರವ್ವಾಯಿ..." ಮೈಕು ಕೀಂ ಎಂದಿತು. "ಕೀಲಿ ತಗದೈತಿ. ಇನ್ನ ನೀರ ಕುಡಿ."

ಗೌರವ್ವ ತೆರೆದ ಬಾಗಿಲು ನೋಡಿದಳು. ಪಕ್ಕದವಳಿಗೆ "ಗೆಣಸು ನೋಡ್ಕೋ ತಂಗಿ" ಎಂದು ಎದ್ದೇಬಿಟ್ಟಳು. ಅವಳ ಹಿಂದೆ ಮೆಣಸಿನಕಾಯಿಯವಳು, ಅವಳ ಹಿಂದೆ ಬಳೆಯವಳು.

"ಏ ಆಯಿ, ನಿಂದರು! ಇದು ತಾಲೀಮು!" ಎಂದು ಸಿದ್ದಪ್ಪ ಕೂಗಿದ.

"ನಿನಗ ತಾಲೀಮಪ್ಪಾ," ಗೌರವ್ವ ನಿಲ್ಲದೆ ಹೇಳಿದಳು. "ನನಗ ಖರೇನ ಬಂದೈತಿ."

ಗಣ್ಯರು ಕುರ್ಚಿ ಅಲುಗುವಂತೆ ನಕ್ಕರು. ಸಿದ್ದಪ್ಪ ಬಾಗಿಲತನಕ ಓಡಿದ. ಒಳಗೆ ಕಾಲಿಡುವಂತಿರಲಿಲ್ಲ.

"ಕಾಂತಾ, ಮುಗೀತು. ಕೀಲಿ ಹಾಕು."

"ಒಳಗ ಮಂದಿ ಅದಾರ್ರೀ."

"ಅವರು ಹೊರಗ ಬಂದ ಮ್ಯಾಲ ಹಾಕು."

"ಆಮ್ಯಾಲೂ ಇರ್ತಾರ," ಎಂದಳು ಕಾಂತಾ ಮೆಲ್ಲಗೆ. ಬಾಳೆಹಣ್ಣಿನ ಗಾಡಿಯವರೆಗೂ ಬೆಳೆದಿದ್ದ ಹೆಂಗಸರ ಪಾಳಿಯನ್ನು ಅವಳು ಸಾಲಾಗಿ ನಿಲ್ಲಿಸತೊಡಗಿದಳು.

ಗೌರವ್ವ ಮುಖ ತೊಳೆದು ಬಂದು ತನ್ನ ಜಾಗದಲ್ಲಿ ಕುಳಿತಳು. ಬುಟ್ಟಿಯ ಮರೆಯಲ್ಲಿದ್ದ ತಂಬಿಗೆ ಎತ್ತಿ, ಉಸಿರು ಬಿಡದೆ ಗಟಗಟ ಕುಡಿದಳು. ನೀರು ಗದ್ದದಿಂದ ಇಳಿದು ಸೆರಗು ತೊಯ್ದಿತು. ಸಿದ್ದಪ್ಪ ನೋಡುತ್ತಲೇ ನಿಂತ.

"ಅಷ್ಟ ನೀರಡಿಸಿತ್ತೇನ ಆಯಿ?"

"ಸಂತಿ ದಿನ ಯಾವಾಗ ಕುಡದೇನಪಾ ನಾನು? ನೀ ಸಣ್ಣಾಂವ ಇದ್ದಾಗಿಂದ ಇದ ಹಣೇಬಾರ."

ಅಷ್ಟರಲ್ಲಿ ಸಿದ್ದಪ್ಪನ ಫೋನು ರಿಂಗಾಯಿತು. ಮಂತ್ರಿಗಳ ಸಹಾಯಕ, ಕಾರ್ಯಕ್ರಮ ಮುಂದಿನ ತಿಂಗಳಿಗೆ ಹೋಗಿದೆ ಎಂದು ತಿಳಿಸುತ್ತಿದ್ದ.

"ಯಾವಾಗರ ಬರ್ರಿ ಸಾಹೇಬ್ರ, ಹಾರ ಹಾಕತೇವಿ. ಆದ್ರ ಕೀಲಿ ತಗದಬಿಟ್ಟೇವಿ." ಸಿದ್ದಪ್ಪ ಗಂಟಲು ಸರಿಮಾಡಿಕೊಂಡ. "ಯಾರಂದ್ರ... ಅಧ್ಯಕ್ಷರು ತಗದ್ರು. ಇಲ್ರಿ, ನಾ ಅಲ್ಲ. ಅಧ್ಯಕ್ಷರು ನಮ್ಮ ಮನಿಯವರು. ಅವರ ಕೂಡ ಮಾತಾಡೂದಿದ್ರ ಸ್ವಲ್ಪ ತಡೀರಿ, ಪಾಳಿ ಹಚ್ಚಾಕತ್ತಾರ."

ಫೋನನ್ನು ಕಿವಿಗೆ ಹಿಡಿದುಕೊಂಡೇ ಬಗ್ಗಿ, ಗೌರವ್ವನ ಖಾಲಿ ತಂಬಿಗೆ ಎತ್ತಿಕೊಂಡು ಅವನು ಸಂತೆಯ ನಳದ ಕಡೆ ನಡೆದ.