ಸೂಗಪ್ಪನನ್ನು ಎಚ್ಚರವಿಟ್ಟ ಭಾನುವಾರ

ಸೂಗಪ್ಪ ಭಾನುವಾರ ಮನೆಯಲ್ಲಿ ಕಾಲು ಚಾಚಿ ಕೂತದ್ದನ್ನು ತೆಲುಗು ಸೀಮೆಯ ಮಣಿಕೊಂಡದಲ್ಲಿ ಕಟ್ಟಡ ಕೂಲಿಗಳಿಗೆ ಕೊಟ್ಟ ಆ ತಗಡಿನ ಶೆಡ್ಡು ಎಂದೂ ಕಂಡಿರಲಿಲ್ಲ. ಸ್ಲ್ಯಾಬ್ ಹಾಕುವ ಕೆಲಸ ಇದ್ದರೆ ಸ್ಲ್ಯಾಬು, ಇಲ್ಲದಿದ್ದರೆ ಕಳ್ಳು ಕುಡಿಯುವ ಕಂಪೌಂಡು. ಅಂಥವನು ಇವತ್ತು ಬೆಳಗಿನಿಂದ ಗೋಡೆಗೆ ಒರಗಿ ಟಿವಿ ಎದುರು ಕೂತಿದ್ದ. ಮಗಳು ಶೈಲಾಳಿಗೆ ಅದೇ ಹಬ್ಬ. ಹೆಂಡತಿ ಸಾಬಮ್ಮನಿಗೆ ಮಾತ್ರ ಜೀವ ಕೈಯಲ್ಲಿತ್ತು.

ಹಿಂದಿನ ಸಂಜೆ ಸ್ಲ್ಯಾಬಿಗೆ ಆಸರೆ ಕೊಟ್ಟ ಸೆಂಟ್ರಿಂಗ್ ಬಿಚ್ಚುವಾಗ ಮೇಲಿನಿಂದ ಕಬ್ಬಿಣದ ಪೈಪು ಜಾರಿ ಅವನ ತಲೆಗೆ ಬಡಿದಿತ್ತು. ಕಿವಿಯ ಮೇಲೆ ನಿಂಬೆಕಾಯಿಯಷ್ಟು ಬಾವು, ಅಷ್ಟೇ. ರಕ್ತ ಬಂದಿದ್ದರೆ ಚೆನ್ನಾಗಿತ್ತು, ನಾಲ್ಕು ಜನರಾದರೂ ಹೆದರುತ್ತಿದ್ದರು. ರಾಯಚೂರು ಕಡೆಯಿಂದ ಇವರನ್ನೆಲ್ಲ ಕರೆತಂದ ಮೇಸ್ತ್ರಿ ಯಶವಂತ ಬಾವನ್ನು ಮುಟ್ಟಿ ನೋಡಿದ.

"ದವಾಖಾನಿಗಿ ಹೋದ್ರ ಪೊಲೀಸ್ ಕೇಸ್ ಆಗತೈತಿ, ತಂಗಿ. ಕೆಲಸ ಬಂದ್ ಮಾಡಸ್ತಾರ, ನಮ್ಮೂರ ಮಂದಿ ಎಲ್ಲಾ ಗಂಟು ಕಟ್ಟಬೇಕಾಗತೈತಿ. ಸೋಮವಾರ ನಾನೇ ಕರ್ಕೊಂಡು ಹೋಗ್ತೀನಿ."

ಬೆಣ್ಣೆಯಂಥ ಮಾತು. ಆಡಿದ ಮಹಾರಾಯನ ಫೋನು ಬೆಳಗಾಗುವಷ್ಟರಲ್ಲಿ ಸ್ವಿಚ್ ಆಫ್.

ಉಪಾಯ ಹೇಳಿದ್ದು ಅತ್ತೆ ಗುಂಡಮ್ಮ. "ಮಲಗಾಕ ಬಿಡಬ್ಯಾಡ. ನಿಮ್ಮ ಮಾವಗ ಹಾವು ಕಡದಾಗ ಬೆಳತನಕ ಹಲಗಿ ಬಾರಿಸಿ ಎಚ್ಚರ ಇಟ್ಟಿದ್ವಿ. ಬದುಕಿದನಿಲ್ಲ? ಪೆಟ್ಟೂ ಹಂಗ. ನಿದ್ದಿ ಹತ್ತಿದ್ರ ಏರತೈತಿ."

ಇಲ್ಲಿ ಹಲಗೆ ಎಲ್ಲಿಂದ ತರುವುದು? ಕಟ್ಟಡದ ಲೈನಿನಿಂದ ವೈರು ಎಳೆದು ಹಾಕಿಕೊಂಡ ಟಿವಿ ಇತ್ತು. ಅದರ ದನಿಯನ್ನೇ ಏರಿಸಿದರು. ಅವನ ರೆಪ್ಪೆ ಬಿದ್ದಾಗೆಲ್ಲ ಸಾಬಮ್ಮ ಮುಖಕ್ಕೆ ನೀರು ಚಿಮುಕಿಸಿದಳು, ತೋಳು ಚಿವುಟಿದಳು.

"ಸಾಬೂ, ಒಂದ್ ಜರಾ ಮಲಗತೀನಿ."

"ಬ್ಯಾಡ್ರಿ. ನಾಳಿ ಮಲಗೀರಂತ."

ಮಧ್ಯಾಹ್ನ ಕೋಳಿ ಸಾರು ಮಾಡಿದಳು. ಎರಡು ತುತ್ತು ತಿಂದವನು ಅದನ್ನೂ ಕಕ್ಕಿಬಿಟ್ಟ. ಪಿತ್ತ ಅಂದಳು ಗುಂಡಮ್ಮ. ಆಮೇಲೆ ಅವನು ಶೈಲಾಳನ್ನು ಗಂಗವ್ವ ಎಂದು ಕರೆದ. ಗಂಗವ್ವ ಸತ್ತುಹೋದ ಅವನ ಅಕ್ಕ. ಅಪ್ಪ ತಮಾಷೆ ಮಾಡುತ್ತಿದ್ದಾನೆಂದು ಹುಡುಗಿ ಬಿದ್ದು ಬಿದ್ದು ನಕ್ಕಿತು.

ಸಾಬಮ್ಮ ಕೈಯಲ್ಲಿದ್ದ ಸೌಟು ಅಲ್ಲೇ ಬಿಟ್ಟು ಎದ್ದಳು. ಸೆರಗು ಸಿಕ್ಕಿಸಿಕೊಂಡು ಗೇಟಿನವರೆಗೆ ಓಡಿದಳು. ಎದುರಿಗೇ ಆಟೋ ನಿಂತಿತ್ತು. ನಳದ ಹತ್ತಿರ ಬಟ್ಟೆ ಒಗೆಯುತ್ತಿದ್ದ ಶೆಡ್ಡಿನ ಹೆಂಗಸರು ಕೈ ನಿಲ್ಲಿಸಿ ಅವಳನ್ನೇ ನೋಡಿದರು. ಮೇಸ್ತ್ರಿ ಅವರಿಗೂ ಅದೇ ಪೊಲೀಸ್ ಕೇಸಿನ ಮಾತು ಹೇಳಿಟ್ಟಿದ್ದ.

"ಸೂಗಣ್ಣ ಆರಾಮ ಅದಾನಿಲ್ಲ, ಯಕ್ಕಾ?" ಅಂದಳು ಒಬ್ಬಳು. ಆ ದನಿಯಲ್ಲಿ ಅಕ್ಕರೆಗಿಂತ ಭಯವೇ ಹೆಚ್ಚಾಗಿತ್ತು.

"ಹೂಂ, ಆರಾಮ ಅದಾರ. ಟಿವಿ ನೋಡಾಕತ್ತಾರ," ಎಂದು ಸಾಬಮ್ಮ ತಿರುಗಿ ಬಂದಳು. ಆ ಗಳಿಗೆಯಲ್ಲಿ ಅವಳ ನಾಲಿಗೆ ಬಿದ್ದುಹೋಗಿದ್ದರೂ ಒಳ್ಳೆಯದಿತ್ತು.

ಸಂಜೆ ತೆಲುಗಿನ ನಗೆ ಕಾರ್ಯಕ್ರಮ ಶುರುವಾಯಿತು. ಶೈಲಾ ಅಪ್ಪನ ತೋಳಿಗೆ ಆತು ಕೂತಳು. ಮೊಮ್ಮಗಳು ನಕ್ಕಾಗೆಲ್ಲ, ಮಾತು ತಿಳಿಯದಿದ್ದರೂ, ಗುಂಡಮ್ಮ ಚಪ್ಪಾಳೆ ಹೊಡೆದಳು. ಹೊರಗಿನಿಂದ ಯಾರಾದರೂ ನೋಡಿದ್ದರೆ, ಎಂಥ ಸುಖದ ಸಂಸಾರ ಅಂದುಕೊಳ್ಳುತ್ತಿದ್ದರು.

"ಎಚ್ಚರ ಅದೀರಿಲ್ಲ?" ಸಾಬಮ್ಮ ಆಗಾಗ ಕೇಳುತ್ತಿದ್ದಳು. "ಹೂಂ" ಅನ್ನುತ್ತಿದ್ದ. ಬರಬರುತ್ತ ಆ ಹೂಂ ಟಿವಿಯ ಗದ್ದಲದಲ್ಲಿ ಕೇಳದಾಯಿತು. ಆದರೆ ಕಣ್ಣು ತೆರೆದೇ ಇತ್ತು. ಅಷ್ಟು ಸಾಕೆಂದು ಅವಳು ಒಲೆಯ ಕಡೆ ತಿರುಗಿದಳು.

ಥಟ್ಟನೆ ಕರೆಂಟು ಹೋಯಿತು.

ಟಿವಿ ನಿಂತಾಗ ಶೆಡ್ಡಿನಲ್ಲಿ ಒಬ್ಬರ ಉಸಿರು ಕಡಿಮೆಯಿದ್ದದ್ದು ಸಾಬಮ್ಮನಿಗೆ ತಿಳಿಯಿತು. ಎಷ್ಟು ಹೊತ್ತಿನಿಂದಲೋ ದೇವರಿಗೇ ಗೊತ್ತು.

"ಅಪ್ಪನ ಕೈ ತಣ್ಣಗಾಗೈತಿ, ಅವ್ವಾ," ಅಂದಳು ಶೈಲಾ.

ಮೊಬೈಲಿನ ಬೆಳಕು ಹಿಡಿದರೆ ಸೂಗಪ್ಪ ಟಿವಿಯ ಕಡೆಗೇ ನೋಡುತ್ತಿದ್ದ. ಬೆಳಕಿಗೆ ರೆಪ್ಪೆ ಅಲುಗಲಿಲ್ಲ. ಗುಂಡಮ್ಮ ಮಗನ ಕೆನ್ನೆ ತಟ್ಟುತ್ತ, "ಕಣ್ಣು ತೆರದಾನ, ನೋಡು. ನನ್ನ ಮಗ ನಿದ್ದಿ ಮಾಡಿಲ್ಲ, ಒಂದ್ ಸಲನೂ ಮಾಡಿಲ್ಲ," ಅನ್ನತೊಡಗಿದಳು. ಆಟೋ ಕರೆಯಲು ಶೈಲಾ ಚಪ್ಪಲಿಯಿಲ್ಲದೆ ಓಡಿದಳು.

ಸಾಬಮ್ಮ ಮೊಬೈಲನ್ನು ಕೆಳಗಿಟ್ಟಳು. ಅವನನ್ನು ಮೆಲ್ಲಗೆ ಗೋಡೆಯಿಂದ ಇಳಿಸಿ, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ಮಲಗ್ರಿ," ಅಂದಳು. ದಿನವೆಲ್ಲ ಅವನು ಬೇಡಿದ್ದು ಇಷ್ಟನ್ನೇ.